ಅಕ್ಕ ಕೂಡಿಸಿದ ಮಾತು

ಅಕ್ಕ, ನಾನು ಇಬ್ಬರೂ ದುಭಾಷಿಗಳು. ಆಡುವವನು ‘ನಾನು’ ಎಂದರೆ ನಾವೂ ‘ನಾನು’ ಎನ್ನಬೇಕು. ಸ್ವಂತದ ಒಂದಕ್ಷರ ಕೂಡಿಸಬಾರದು. ಕೇಳಿದ್ದನ್ನು ಹೊರಗೆ ಬಾಯಿಬಿಡುವಂತಿಲ್ಲ, ಪ್ರಮಾಣ ಮಾಡಿದ್ದೇವೆ.

ಹಾಗಾಗಿಯೇ ಕಳೆದ ಬೇಸಿಗೆಯಲ್ಲಿ, ಜೈಲಿನ ಕೋಣೆಯೊಂದರಲ್ಲಿ ಪರಭಾಷೆಯ ಕಳ್ಳನೊಬ್ಬ ತನ್ನ ವಕೀಲರಿಗೆ ಹೇಳಿಕೊಂಡದ್ದು ಅಕ್ಕನ ಬಾಯಿಂದ ಹೊರಬಂತು: “ನಾನೇ ಆ ಹುಡುಗೀನ ಕೊಂದೆ. ಹಳೇ ಇಟ್ಟಿಗೆ ಗೂಡಿನ ಹಿಂದೆ ಹೂತೆ.” ಸ್ವಲ್ಪ ದಿನಕ್ಕೆ ಅವನು ಎದೆನೋವಿನಿಂದ ಸತ್ತ. “ಸತ್ರೂ ಗುಟ್ಟು ಗುಟ್ಟೇ, ನೆನಪಿರ್ಲಿ,” ಎಂದರು ವಕೀಲರು.

ಆ ಹುಡುಗಿಯ ತಾಯಿ ನಮ್ಮ ಟೈಲರಮ್ಮ. ನಮ್ಮ ಮನೆಯ ಕೆಳಗೇ ಅವರ ಅಂಗಡಿ. ಮಗಳು ಕಾಣೆಯಾದಾಗಿನಿಂದ ಪ್ರತಿವರ್ಷ ಅವಳಿಗೊಂದು ಹೊಸ ಫ್ರಾಕು ಹೊಲಿಯುತ್ತಿದ್ದರು, ಹಿಂದಿನದಕ್ಕಿಂತ ಒಂದು ಅಳತೆ ದೊಡ್ಡದು. “ಈಗ ನಿನ್ನ ಭುಜದಷ್ಟು ಬೆಳೆದಿರ್ತಾಳೆ, ಅಲ್ವೇನಮ್ಮ?” ಎಂದು ಅಕ್ಕನನ್ನೇ ನಿಲ್ಲಿಸಿ ಟೇಪು ಹಿಡಿಯುತ್ತಿದ್ದರು. ಅಕ್ಕ ಕಂಬದ ಹಾಗೆ ನಿಂತು ಅಳತೆ ಕೊಡುತ್ತಿದ್ದಳು.

ಆಮೇಲೆ ಮೇಲೆ ಬಂದು ಬಾಯಿ ಮುಕ್ಕಳಿಸುತ್ತಿದ್ದಳು. ಮತ್ತೆ ಮತ್ತೆ ಮುಕ್ಕಳಿಸುತ್ತಿದ್ದಳು. ನನಗೆ ಈ ಸಂಗತಿ ತಿಳಿದದ್ದು ಅವಳು ಹೇಳಿ ಅಲ್ಲ. ಒಂದು ಮಧ್ಯಾಹ್ನ ಅವಳು ಊಟ ಮಾಡಿ ಒರಗಿ ನಿದ್ದೆಹೋಗಿದ್ದಾಗ ಗಂಡಸೊಬ್ಬನ ಒರಟು ದನಿ ಕೇಳಿ, ಕಳ್ಳ ನುಗ್ಗಿದನೇನೋ ಎಂದು ಓಡಿಬಂದೆ. ಕಳ್ಳ ಅಕ್ಕನ ಗಂಟಲೊಳಗಿದ್ದ. ಮೊದಲಿನಿಂದ ಕೊನೆಯವರೆಗೆ ಅಷ್ಟನ್ನೂ ಹೇಳಿ ಸುಮ್ಮನಾದ. ದಿನವೂ ಅದೇ ಆಯಿತು. ನನಗೆ ಬಾಯಿಪಾಠವಾಗಿಹೋಯಿತು.

“ಹೇಳಿಬಿಡೇ, ಕಸುಬು ಹೋದ್ರೆ ಹೋಗ್ಲಿ,” ಎಂದು ರೇಗಿದೆ.

“ಒಬ್ಬನ ಗುಟ್ಟು ಬಿಟ್ಟುಕೊಟ್ಟರೆ ನಾಳೆ ಯಾವ ಕೈದಿ ನಮ್ಮೆದುರು ಬಾಯಿ ಬಿಡ್ತಾನೆ? ತಪ್ಪು ಮಾಡದವನೂ ಬಿಡಲ್ಲ,” ಎಂದಳು. ಅವಳ ಮಾತಲ್ಲಿ ಹುರುಳಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಹೀಗಿರುವಾಗ ಒಂದು ವಿಚಾರ ಸಂಕಿರಣಕ್ಕೆ ದುಭಾಷಿಗಳಾಗಿ ಇಬ್ಬರಿಗೂ ಕರೆ ಬಂತು. ವಿಷಯ, ಧರ್ಮ ಎಂದರೆ ಯಾರಿಗೆ ಏನು. ನಮ್ಮ ಅದೃಷ್ಟ ನೋಡಿ! ಸಭೆಯ ಹಿಂದಿನ ಗಾಜಿನ ಕೋಣೆಯಲ್ಲಿ ಕೂತೆವು. ಸಭಿಕರ ಹೆಡ್‌ಫೋನಿಗೆ ದನಿ ಕೊಡುವ ಮೈಕು ಅಕ್ಕನ ಮುಂದೆ, ಅದನ್ನು ಬಂದ್ ಮಾಡುವ ಗುಂಡಿ ನನ್ನ ಬೆರಳಡಿ. ಅವಳು ಕೆಮ್ಮಿದರೂ ತೊದಲಿದರೂ ಒತ್ತಬೇಕಾದವಳು ನಾನು.

“ಆಕಾಶ ಕಳಚಿ ಬಿದ್ದರೂ ನಾನು ಕೊಟ್ಟ ಮಾತು ಮುರಿಯಲಾರೆ,” ಎಂದರು ಮೊದಲ ಪಂಡಿತರು, ಅಕ್ಕನ ಬಾಯಲ್ಲಿ. “ಯಾವುದರಿಂದ ದುಃಖ ಕಡಿಮೆಯಾಗುತ್ತದೋ ಅದನ್ನೇ ನಾನು ಸರಿ ಎನ್ನುತ್ತೇನೆ,” ಎಂದರು ಎರಡನೆಯವರು, ಅದೇ ಬಾಯಲ್ಲಿ. ಮೂರನೆಯವರಿಗೆ ಅವರವರ ಪಾಲಿನ ಕೆಲಸವೇ ಸ್ವಧರ್ಮ. ಕೊನೆಗೆ ಒಬ್ಬ ಭಿಕ್ಷುಣಿ: “ನಾನು ಕೇಳುವುದು ಇಷ್ಟೇ. ನಿನ್ನನ್ನು ಕಟ್ಟಿರುವುದು ಕರುಣೆಯೋ, ಭಯವೋ?” ನಾಲ್ವರೂ ಒಂದೇ ಗಂಟಲಲ್ಲಿ ಜಗಳವಾಡಿದರು. ಅಕ್ಕ ಬೆವತುಹೋಗಿದ್ದಳು.

ಸಭಿಕರಲ್ಲೊಬ್ಬರು ಎದ್ದು ಕೇಳಿದರು: “ಸತ್ತವನಿಗೆ ಕೊಟ್ಟ ಮಾತು?”

ವೇದಿಕೆಯ ಮೇಲೆ ನಾಲ್ವರೂ ಮೈಕನ್ನು ಒಬ್ಬರಿಂದೊಬ್ಬರಿಗೆ ಸರಿಸಿದರು. ದಾಟಿಸಲು ಯಾರ ಮಾತೂ ಇರಲಿಲ್ಲ. ಆಗ ಅಕ್ಕನ ಬಾಯಿಂದ ಆ ಒರಟು ದನಿ ಬಂತು. “ನಾನೇ ಆ ಹುಡುಗೀನ ಕೊಂದೆ...”

ನನ್ನ ಬೆರಳು ಗುಂಡಿಯ ಮೇಲೇ ಇತ್ತು. ನಾನು ಒತ್ತಲಿಲ್ಲ. ಇಟ್ಟಿಗೆ ಗೂಡು ಎಂಬಷ್ಟರಲ್ಲಿ ಸಭೆಯವರೆಲ್ಲ ಹೆಡ್‌ಫೋನು ಕಿತ್ತು ನಮ್ಮತ್ತ ತಿರುಗಿದ್ದರು.

ಪೊಲೀಸರು ಅಗೆದರು, ಹುಡುಗಿ ಸಿಕ್ಕಳು. ನಮ್ಮಿಬ್ಬರ ಪರವಾನಗಿಯೂ ಹೋಯಿತು.

ಟೈಲರಮ್ಮ ಮೆಟ್ಟಿಲು ಹತ್ತಿ ಬಂದರು. “ಅವನು ಹೇಳಿದ ಹಾಗೇ ಹೇಳಮ್ಮ, ಒಂದೂ ಬಿಡದೆ,” ಎಂದರು. ಅಕ್ಕ ಹೇಳಿದಳು. ‘ನಾನು’ ಎಂದಾಗಲೆಲ್ಲ ಅವರು ಅಕ್ಕನ ತುಟಿಯನ್ನೇ ನೋಡುತ್ತಿದ್ದರು.

“ಕೊನೇಲಿ ನನ್ನ ಮಗಳೇನಾದ್ರೂ ಅಂದ್ಲಂತಾ?” ಎಂದರು.

ಅಕ್ಕ ನನ್ನತ್ತ ನೋಡಿದಳು. ಆಮೇಲೆ ಅವನದೇ ದನಿಯಲ್ಲಿ ಹೇಳಿದಳು: “ಅಮ್ಮಾ ಅಂದ್ಲು.”

ಟೈಲರಮ್ಮ ಅಲ್ಲೇ ಕುಸಿದು ಕೂತು, ಇಷ್ಟು ವರ್ಷದ್ದೆಲ್ಲ ಅತ್ತರು.

ಅವನು ಹಾಗೆ ಹೇಳಿರಲಿಲ್ಲ. ಅದು ಅಕ್ಕ ಕೂಡಿಸಿದ ಮಾತು. ಆ ನಾಲ್ವರಲ್ಲಿ ಯಾರು ಒಪ್ಪುತ್ತಾರೋ ಕಾಣೆ, ನಾನಂತೂ ಒಪ್ಪಿದೆ.

ಈಗ ಮಧ್ಯಾಹ್ನ ಅಕ್ಕ ಒರಗಿದರೆ ಆ ಗಂಡು ದನಿ ಬರುವುದಿಲ್ಲ. ಅದೇ ಗಂಟಲಿಂದ ಒಂದು ಮಗು “ಅಮ್ಮಾ” ಎಂದು ಕರೆಯುತ್ತದೆ. ಕೆಳಗೆ ಹೊಲಿಗೆ ಯಂತ್ರ ಗಕ್ಕನೆ ನಿಲ್ಲುತ್ತದೆ. ಟೈಲರಮ್ಮ ಮೆಟ್ಟಿಲು ಹತ್ತಿ ಬಂದುಬಿಟ್ಟಾರು ಎಂಬ ಭಯದಿಂದ ಆ ಕರೆಗೆ ನಾನೇ “ಓ” ಎನ್ನುತ್ತೇನೆ.