ಪೂಜೆ ಮುಗಿಯುವ ಮುನ್ನ

ಭಾನುವಾರ ಬೆಳಿಗ್ಗೆ ಮಾನಸ ಗಾಂಧಿ ಬಜಾರಿನಲ್ಲಿ ಬಿಲ್ವಪತ್ರೆ ಆರಿಸುತ್ತಿದ್ದಾಗಲೇ ಅವಳು ಮೆಚ್ಚಿದ ಹುಡುಗ ನಿಶಾಂತ್ ಅವಳ ಮನೆಗೆ ಬಂದು, ಅವಳ ಅಪ್ಪ ಏಕಾಂತಯ್ಯನವರ ಮುಂದೆ ಮದುವೆಯ ಮಾತು ತೆಗೆದು, ಉತ್ತರ ಸಿಗದೆ ಹೊರಟುಹೋಗಿದ್ದ.

ಒಳ್ಳೆಯ ಮಾತನ್ನು ಬಿಸಿಲೇರುವ ಮೊದಲೇ ಆಡಿಬಿಡಬೇಕು ಅನ್ನುವುದು ಅವನ ಮನೆಯವರ ಪದ್ಧತಿ. ಇಷ್ಟಲಿಂಗದ ಪೂಜೆ ಮುಗಿಯುವ ತನಕ ಯಾರೊಡನೆಯೂ ತುಟಿ ಬಿಚ್ಚದಿರುವುದು ಏಕಾಂತಯ್ಯನವರ ವ್ರತ. ಅವರು ಬಾಗಿಲು ತೆಗೆದರು, ಹುಡುಗ ಹೇಳಿದ್ದನ್ನೆಲ್ಲ ಕೇಳಿದರು, ತಿರುಗಿ ದೇವರಮನೆಗೆ ಹೋದರು. ಪೂಜೆ ಮುಗಿಸಿ ಬಂದರೆ ಜಗಲಿ ಖಾಲಿ. ಅಷ್ಟು ಹೊತ್ತು ಕಾಯಲಾಗದವನು ಜೀವಮಾನ ಹೇಗೆ ಬಾಳುತ್ತಾನೆ ಎಂದು ಬಜಾರಿನಿಂದ ಮರಳಿದ ಮಗಳನ್ನು ಕೇಳಿ, ಪೇಪರು ಬಿಡಿಸಿಕೊಂಡರು. ಅತ್ತ ನಿಶಾಂತ್ ಫೋನಿನಲ್ಲಿ, ಬಾಗಿಲಿಗೆ ಬಂದವನನ್ನು ಬಾ ಅನ್ನದ ಮನೆಯ ಸಂಬಂಧವೇ ಬೇಡ ಅಂತ ಅಜ್ಜಿ ಹೇಳಿದ್ದನ್ನು ತಡವರಿಸುತ್ತಾ ಒಪ್ಪಿಸಿದ.

ಮಾನಸ ಊಟ ಬಿಟ್ಟು ತ್ಯಾಗರಾಜನಗರದ ಅವನ ಮನೆಗೆ ನಡೆದಳು. ದಾರಿಯುದ್ದಕ್ಕೂ ಒಂದೇ ಯೋಚನೆ. ಎಲ್ಲರೂ ಒಟ್ಟಿಗೇ ಮಾತಾಡುವ ಮನೆಯಲ್ಲಿ ಬೆಳೆದ ಅವನಿಗೆ ತನ್ನ ಮೌನ ಹಿಡಿಸಿತ್ತು. ಪಿಸುಮಾತಿನ ಮನೆಯಿಂದ ಬಂದ ತನಗೆ ಅವನ ಮಾತು ಬೇಕಾಗಿತ್ತು. ಹತ್ತಿರ ಎಳೆದದ್ದು ಯಾವುದೋ ಅದೇ ಈಗ ಇಬ್ಬರನ್ನೂ ಹೆದರಿಸುತ್ತಿತ್ತು.

ನಿಶಾಂತನ ಅಜ್ಜಿ ಚಿಕ್ಕಮುನಿಯಮ್ಮ ನಡುಮನೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ಬಾಮ್ಮ. ನಿಮ್ಮನೇಲಿ ಬಾ ಅನ್ನೋಕೆ ಯಾರಿಗೂ ಬಾಯಿಲ್ಲ, ನಮಗೈತೆ."

ಮಾನಸ ಅವರೆದುರು ಕೂತು ವ್ರತದ ವಿಷಯ ಹೇಳಿದಳು. ಅಪ್ಪನಿಗೆ ಅದು ಅವರ ಅಪ್ಪನಿಂದ ಬಂದದ್ದು, ಅಜ್ಜ ಸತ್ತ ದಿನವೂ ಪೂಜೆ ಮುಗಿಯುವವರೆಗೆ ಅಪ್ಪ ಒಂದು ಮಾತೂ ಆಡಿರಲಿಲ್ಲ ಎಂದಳು. ಮುದುಕಿಯ ಬೆರಳು ನಿಂತಿತು.

"ಇದನ್ನ ನಮ್ಮ ಹುಡುಗನಿಗೆ ಮೊದಲೇ ಯಾಕೆ ಹೇಳ್ಲಿಲ್ಲ?"

"ಕೇಳಿದ್ರೆ ಹೇಳ್ತಿದ್ದೆ."

"ಗೊತ್ತಿಲ್ಲದ್ದನ್ನ ಹೆಂಗೆ ಕೇಳ್ತಾನೆ, ತಾಯಿ?"

ಮಾನಸ ತಲೆ ಬಗ್ಗಿಸಿ ತಾನೂ ಒಂದು ಕಾಯಿ ಬಿಡಿಸತೊಡಗಿದಳು. ಹೇಳದೆಯೇ ಅವನಿಗೆ ತಿಳಿಯಬೇಕು, ತಿಳಿದರೆ ಅದೇ ಪ್ರೀತಿ ಅಂದುಕೊಂಡಿದ್ದಳು. ಹಾಗೆ ಅವನಿಗೊಂದು ಪರೀಕ್ಷೆ ಇಟ್ಟಿದ್ದು ಅವನಿಗೇ ಗೊತ್ತಿರಲಿಲ್ಲ. ತಲೆ ಎತ್ತಿದಾಗ ನಿಶಾಂತ್ ಅಡಿಗೆಮನೆ ಬಾಗಿಲಿಗೆ ಒರಗಿ ಸುಮ್ಮನೆ ನಿಂತಿದ್ದ. ಅಪ್ಪನ ಸುಮ್ಮನಿರುವಿಕೆಯೊಳಗೆ ಒಂದು ನಿರ್ಧಾರ ಇರುತ್ತಿತ್ತು. ಇವನದು ಬೇರೆಯವರು ನಿರ್ಧರಿಸಲಿ ಅನ್ನುವ ಮೌನ. ಅದನ್ನು ನೋಡಿ ಅವಳಿಗೆ ಸಿಟ್ಟು ಬರಲಿಲ್ಲ. ಮಾತು ಬಂತು.

"ನಿಶಾಂತ್, ನಾನು ಮದುವೆ ಅಂತ ಆದ್ರೆ ನಿನ್ನನ್ನೇ. ಅಪ್ಪ ಈಗ ಮನೇಲೇ ಇದ್ದಾರೆ. ನೀನು ಬಂದ್ರೆ ಇಬ್ರೂ ಮಾತಾಡೋಣ. ಬರದಿದ್ರೆ ನಾನೊಬ್ಳೇ ಮಾತಾಡ್ತೀನಿ. ಅವ್ರು ಬೇಡ ಅಂದ್ರೂ ನಾಳೆ ಮತ್ತೆ ಮಾತಾಡ್ತೀನಿ."

ಇಷ್ಟುದ್ದ ಮಾತನ್ನು ಒಂದೇ ಉಸಿರಿನಲ್ಲಿ ಅವಳು ಯಾರ ಮುಂದೆಯೂ ಆಡಿರಲಿಲ್ಲ. ಅವನ ಮುಖದಿಂದ ಕಣ್ಣು ಕದಲಿಸಲಿಲ್ಲ.

ನಿಶಾಂತ್ ಅಜ್ಜಿಯ ಮುಖ ನೋಡಿದ. ಅಜ್ಜಿ ಅವರೆಕಾಯಿ ನೋಡಿದರು. ಅವನು ಯಾರನ್ನೂ ಕೇಳದೆ ಹೊಸಿಲು ದಾಟಿ ಚಪ್ಪಲಿ ಮೆಟ್ಟಿಕೊಂಡ.

"ಲೋ, ಆ ಸುಕ್ಕು ಅಂಗೀಲಿ ಹೋಗ್ತೀಯೇನೋ?" ಚಿಕ್ಕಮುನಿಯಮ್ಮ ತಲೆ ಎತ್ತದೆ ಅಂದರು. "ಬದಲಾಯಿಸ್ಕೊಂಡು ಹೋಗು."