ನೆಟ್ಟಗೆ ನಿಂತ ಬಂದೂಕು

ಜಿರಳೆ ಕಂಡರೆ ನನ್ನನ್ನು ಕೂಗುವ ಗಂಡಸು ನನ್ನ ಗಂಡ ವಿವೇಕ್. ಅಂಥವನು ಗ್ರೀನ್ ಕಾರ್ಡ್ ಬಂದದ್ದೇ ತಡ, ಬಿಡಿಭಾಗ ತರಿಸಿ, ಅಮೆರಿಕದ ಓವರ್‌ಲೇಕ್‌ನ ನಮ್ಮ ಮನೆ ಗ್ಯಾರೇಜಿನಲ್ಲಿ ಕುಳ್ಳ ನಳಿಗೆಯ ಬಂದೂಕೊಂದನ್ನು ಜೋಡಿಸಿದ. ಕಾನೂನಿನ ಲೆಕ್ಕದಲ್ಲಿ ಅದು ಪಿಸ್ತೂಲಂತೆ. ನಳಿಗೆಯ ಕೆಳಗೆ ಎಡಗೈಗೆಂದು ಓರೆ ಹಿಡಿ ಹಾಕಿದರೆ ಪಿಸ್ತೂಲಾಗಿಯೇ ಉಳಿಯುತ್ತದೆ. ನೆಟ್ಟಗಿನ ಹಿಡಿ ಹಾಕಬೇಕಾದರೆ ಮೊದಲೇ ಸರ್ಕಾರದ ಅನುಮತಿ ಬೇಕು, ಇಲ್ಲದಿದ್ದರೆ ಜೈಲು. ಓರೆ ಎಲ್ಲಿ ಮುಗಿದು ನೆಟ್ಟಗೆ ಎಲ್ಲಿ ಶುರುವಾಗುತ್ತದೆ ಎಂದು ಯಾರೂ ಸ್ಪಷ್ಟವಾಗಿ ಬರೆದಿಲ್ಲವಂತೆ. ಮಗಳು ಜಾಹ್ನವಿಯ ಪ್ರೊಟ್ರ್ಯಾಕ್ಟರ್ ಹಿಡಿದು ಅಳೆಯುತ್ತಾ ಈ ಮಹಾಶಯ ಶನಿವಾರಗಳನ್ನು ಕಳೆದ. ಅಡುಗೆಮನೆಯ ನಲ್ಲಿ ಸೋರುತ್ತಲೇ ಇತ್ತು.

ಗ್ರೀನ್ ಕಾರ್ಡಿಗೆ ಐದು ವರ್ಷ ತುಂಬಿದ ಮೇಲಿನ ಆಯುಧಪೂಜೆಗೆ ಕಾರು, ಲ್ಯಾಪ್‌ಟಾಪ್, ನನ್ನ ಈಳಿಗೆಮಣೆ ಎಲ್ಲಕ್ಕೂ ಕುಂಕುಮವಿಟ್ಟೆ. ಬಂದೂಕು ಮಾತ್ರ ಪೂಜೆಯ ಮಣೆಯ ಮೇಲೆ ನಿಲ್ಲದೆ ಮಗ್ಗುಲಿಗೆ ಬೀಳುತ್ತಿತ್ತು. ಆಯುಧ ಮಲಗಿಕೊಂಡು ಪೂಜೆ ಮಾಡಿಸಿಕೊಳ್ಳಬಾರದು ಎಂಬ ಶಾಸ್ತ್ರ ಇವನಿಗೆ ಎಲ್ಲಿಂದ ಹೊಳೆಯಿತೋ. ಓರೆ ಹಿಡಿ ಬಿಚ್ಚಿ, ಡ್ರಾಯರಿನಲ್ಲಿದ್ದ ನೆಟ್ಟಗಿನದನ್ನು ತಿರುಪಿದ. ಅದೇ ಕಾಲಾಗಿ ಬಂದೂಕು ನಿಂತಿತು. ಸೇವಂತಿಗೆ ಹಾರ ಹಾಕಿ ಫೋಟೋ ತೆಗೆದು ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಕಳಿಸಿಯೂಬಿಟ್ಟ.

ಇದೇ ಚಟವಿರುವ, ಅದೇ ಗ್ರೂಪಿನ, ಹತ್ತಿರದ ಊರು ರೆಂಟನ್ನಿನ ಸುಮುಖ್ ತಕ್ಷಣ ಫೋನ್ ಮಾಡಿ, ಫೋಟೋ ಅಳಿಸು ಎಂದ. ಮುಂದಿನ ತಿಂಗಳೇ ನನಗೂ ವಿವೇಕ್‌ಗೂ ಪೌರತ್ವದ ಇಂಟರ್‌ವ್ಯೂ ಇತ್ತು. ಕೇಸಾದರೆ ಪೌರತ್ವದ ಮಾತು ಹಾಗಿರಲಿ, ಇರುವ ಗ್ರೀನ್ ಕಾರ್ಡೂ ಹೋಗಿ ದೇಶ ಬಿಡಬೇಕಾದೀತು ಎಂದು ಎಚ್ಚರಿಸಿದ. ವಿವೇಕ್ ಫೋಟೋ ಅಳಿಸಿದ, ಹಿಡಿ ಬಿಚ್ಚಿದ, ವಾದ ಮಾತ್ರ ಬಿಡಲಿಲ್ಲ. ಪೂಜೆಗೆ ಕೂತ ಹೊತ್ತಿನಲ್ಲಿ ಅದು ಆಯುಧವೇ ಅಲ್ಲ, ದೇವರು ಎಂದ.

ಇಂಟರ್‌ವ್ಯೂ ದಿನ ನನ್ನದು ಬೇಗ ಮುಗಿಯಿತು. ಸಿಕ್ಕಿಬೀಳದ ಅಪರಾಧವೇನಾದರೂ ಮಾಡಿದ್ದೀರಾ ಎಂದು ಅಲ್ಲಿ ಎಲ್ಲರನ್ನೂ ಕೇಳುತ್ತಾರೆ. ಇಲ್ಲ ಎಂದೆ, ಎದ್ದು ಬಂದೆ. ಇವನಿಗೂ ಅದೇ ಪ್ರಶ್ನೆ. ಒಂದು ಪದ ಸಾಕಿತ್ತು, ಆದರೆ ಜಾಣನಿಗೆ ಅದು ಸಾಲದು. ಅದು ಹಿಡಿ ಎಷ್ಟು ಓರೆ ಎನ್ನುವುದನ್ನು ಅವಲಂಬಿಸಿದೆ ಎಂದು ಶುರುಮಾಡಿ, ಕಾನೂನಿನ ಹುಳುಕನ್ನೆಲ್ಲ ಆಫೀಸರಿಗೆ ಬಿಡಿಸಿ ಹೇಳಿ, ನಮ್ಮನೆ ಪೂಜೆಯನ್ನೇ ಉದಾಹರಣೆ ಕೊಟ್ಟನಂತೆ. ಆಕೆ ಪೆನ್ನು ಕೆಳಗಿಟ್ಟು, ಮುಂದಿನ ಸಲ ಲಾಯರ್ ಜೊತೆ ಬನ್ನಿ ಎಂದಳಂತೆ.

ಪಾರ್ಕಿಂಗ್ ಲಾಟಿನಲ್ಲಿ ಇದನ್ನೆಲ್ಲ ಹೇಳುವಾಗ ಅವನ ಮುಖದಲ್ಲಿ ಹೆದರಿಕೆಯಿರಲಿಲ್ಲ, ವಾದ ಗೆದ್ದ ಕಳೆಯಿತ್ತು. ನನಗೆ ಮೈಯೆಲ್ಲ ಉರಿಯಿತು.

“ಟೆಕ್ನಿಕಲಿ ನಾನ್ ಹೇಳಿದ್ದು ಕರೆಕ್ಟ್ ತಾನೆ, ಮಧುರಾ?”

“ಕರೆಕ್ಟೇ. ಆದ್ರೆ ನಿನ್ನ ವಾಪಸ್ ಕಳಿಸಿದ್ರೆ ನೀನೊಬ್ನೇ ಹೋಗ್ತೀಯ. ನಾನೂ ಜಾಹ್ನವೀನೂ ಬರಲ್ಲ.”

ವಾದಿಸಲು ಬಾಯಿ ತೆರೆದ. ಅವನ ಕೈಯಿಂದ ಕೀ ಇಸಿದುಕೊಂಡು ನಾನೇ ಡ್ರೈವ್ ಮಾಡಿದೆ.