ಒಂದು ವರ್ಷ ಮರೆಯದ ಫೋನು

ಅತ್ತೆಯ ದರ್ಜಿ ಅಂಗಡಿಗೆ ವೆಬ್‌ಸೈಟ್ ಮಾಡಿದ್ದು ಸೊಸೆ. ಕಚೇರಿಯ ಕೆಲಸ, ಮಗಳ ಮನೆಪಾಠ, ಪಾತ್ರೆಪಡಗ ಎಲ್ಲ ಮುಗಿದ ಮೇಲೆ ಉಳಿದ ಚೂರುಪಾರು ಹೊತ್ತನ್ನು, ಅತ್ತೆ ತುಂಡುಬಟ್ಟೆ ಸೇರಿಸಿ ಚೀಲ ಹೊಲಿಯುವ ಹಾಗೆ, ಸೇರಿಸಿ ಸೇರಿಸಿ ಮಾಡಿದ್ದು. ಅತ್ತೆಯದು ಒಂದೇ ಷರತ್ತು: "ನನ್ನ ತಂಗಿಗೆ ಮೊದಲು ತೋರಿಸ್ತೀನಿ. ಅವಳೇನಾದ್ರೂ ನಕ್ಕಳೋ, ಅವತ್ತೇ ಅದಕ್ಕೆ ಬೀಗ."

ತಂಗಿಗೂ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿಯಿತ್ತು. ಅಕ್ಕನನ್ನು ನೋಡಿ ನಗಲು ಅವರು ಕಾರಣ ಹುಡುಕುತ್ತಲೇ ಇರುತ್ತಿದ್ದರು.

ಆ ತಂಗಿ ಬಂದು, ಬಟ್ಟೆ ಕತ್ತರಿಸುವ ಮೇಜಿನ ಪಕ್ಕ ಕೂತೂ ಆಯಿತು. ಕೊನೆಯ ಸಲ ನೋಡೋಣವೆಂದು ಸೊಸೆ ಅತ್ತೆಯ ಫೋನಿನಲ್ಲಿ ಪುಟ ತೆರೆದಳು.

ಪುಟದ ನೆತ್ತಿಯಲ್ಲೇ, ಹೊಲಿಗೆ ಯಂತ್ರಕ್ಕೆ ತಲೆಯಾನಿಸಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿರುವ ಅತ್ತೆ. ಕೆಳಗೆ ದಪ್ಪಕ್ಷರದಲ್ಲಿ: "ನಿಮ್ಮ ಅಳತೆಯ ಮೇಲೆ ಸದಾ ನಮ್ಮ ಕಣ್ಣು."

ಗಂಡಹೆಂಡಿರು ತಾವಿಬ್ಬರೇ ನಗಲೆಂದು ಹಾಕಿಕೊಂಡಿದ್ದ ಚಿತ್ರವದು. ಮರುದಿನವೇ ಸೊಸೆ ಅದನ್ನು ತೆಗೆದು, ಅದೇ ಹೆಸರಿನಲ್ಲಿ ಗಂಭೀರ ಮುಖದ್ದೊಂದನ್ನು ಹಾಕಿದ್ದಳು.

"ರೀ," ಗಂಡನನ್ನು ಮೂಲೆಗೆಳೆದು ಪಿಸುಗುಟ್ಟಿದಳು, "ಆ ಹಳೇ ಚಿತ್ರ ಇದ್ದಾಗ ನೀವು ಅತ್ತೆ ಫೋನಲ್ಲಿ ಈ ಪುಟ ತೆರೆದಿದ್ರಾ?"

"ಬಣ್ಣ ತೋರಿಸೋಕೆ ತೆರೆದೆ. ಅಮ್ಮ ಕನ್ನಡಕ ಹಾಕಿರ್ಲಿಲ್ಲ ಕಣೆ! ಬಣ್ಣ ಚೆನ್ನಾಗಿದೆ ಅಂದ್ಲು, ಅಷ್ಟೇ."

"ಅಯ್ಯೋ ನಿಮ್ಮ! ಪುಟ ಬೇಗ ತೆರ್ಕೊಳ್ಳಲಿ ಅಂತ, ಒಮ್ಮೆ ತಂದ ಚಿತ್ರಗಳನ್ನ ಒಂದು ವರ್ಷ ಇಟ್ಕೋ ಅಂತ ಫೋನಿಗೆ ಬರೆದಿದೀನಿ ರೀ ನಾನು."

max-age=31536000. ಸೆಕೆಂಡುಗಳಲ್ಲಿ ಒಂದು ವರ್ಷ. ಸರ್ವರಿನ ಸೆಟ್ಟಿಂಗಿನಲ್ಲಿ ಅವಳೇ ಕೈಯಾರೆ ಬರೆದ ಸಾಲು. ಚಿತ್ರದ ಹೆಸರು ಅದೇ ಇರುವ ತನಕ ಫೋನು ಹೊಸದನ್ನು ಕೇಳುವ ಗೋಜಿಗೇ ಹೋಗದು.

"ಫೋನ್ ಕೊಡಮ್ಮಾ, ಇವಳಿಗೆ ತೋರಿಸ್ಬೇಕು. ನನ್ನ ಕನ್ನಡಕ ಎಲ್ಲೋ?" ಎಂದರು ಅತ್ತೆ.

ಕನ್ನಡಕದ ಡಬ್ಬಿ ಕುರ್ಚಿಯ ಮೇಲಿತ್ತು. ಗಂಡ ಮೆಲ್ಲನೆ ಅದರ ಮೇಲೆ ಕುಳಿತ. "ಒಳಗಡೆ ಇಸ್ತ್ರಿಪೆಟ್ಟಿಗೆ ಹತ್ರ ಇರ್ಬೇಕಮ್ಮಾ."

"ಅಕ್ಕಾ, ಸೂಜಿಗೆ ದಾರ ಪೋಣಿಸೋದು ಯಾರು, ನಿನ್ನ ಸೊಸೇನಾ?" ತಂಗಿ ಚುಚ್ಚಿದರು.

ಸೊಸೆ ಕೋಟಿನ ಬಟ್ಟೆಯ ರಾಶಿಯ ಮೇಲೆಯೇ ಲ್ಯಾಪ್‌ಟಾಪ್ ತೆರೆದಳು. atte.jpg ಎಂಬ ಹೆಸರನ್ನು atte-2.jpg ಎಂದು ಮಾಡಿದಳು; ಪುಟದಲ್ಲೂ ಅದನ್ನೇ ಬರೆದಳು. ಪುಟವನ್ನು ಮಾತ್ರ ಪ್ರತಿಸಲವೂ ಹೊಸದಾಗಿ ಕೇಳಿ ತರುವಂತೆ ಇಟ್ಟಿದ್ದಳು, ಪುಣ್ಯ! ಹೆಸರು ಹೊಸದಾದರೆ ಫೋನಿನ ಪಾಲಿಗೆ ಚಿತ್ರವೂ ಹೊಸದೇ. ಮತ್ತೆ ತೆರೆದಾಗ ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡ ಗಂಭೀರ ಅತ್ತೆ ಪ್ರತ್ಯಕ್ಷರಾದರು.

ಗಂಡ ಎದ್ದ. "ಇಲ್ಲೇ ಇದೆಯಲ್ಲಮ್ಮಾ!"

ತಂಗಿ ಫೋನನ್ನು ಹಿಡಿದು, ಹಿಗ್ಗಿಸಿ, ಕುಗ್ಗಿಸಿ, ಮೇಲಿಂದ ಕೆಳಗೆ ಜಾಲಾಡಿದರು. ನಗಲು ಏನೂ ಸಿಗಲಿಲ್ಲ. "ಪರವಾಗಿಲ್ಲ," ಎಂದರು. ಆ ಬಾಯಿಂದ ಅಷ್ಟು ಬಂದರೆ ಬಂಡೆಯಿಂದ ನೀರು ಬಂದ ಹಾಗೆ.

ಅವರು ಹೊರಟ ಮೇಲೆ ಅತ್ತೆ ಕನ್ನಡಕ ಏರಿಸಿ ಫೋನು ನೋಡಿದರು. "ನಾನು ಮಲಗಿದ್ದೆನಲ್ಲ, ಅದೆಲ್ಲಿ ಹೋಯ್ತು?"

ಸೊಸೆ ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದಳು.

"ಬಣ್ಣ ಕಾಣೋ ಕಣ್ಣಿಗೆ ನನ್ನ ಬಾಯಿ ಕಾಣಲ್ವೇನೋ? ಅವತ್ತೇ ನೋಡ್ದೆ. ಅವಳು ನಕ್ಕರೆ ನಗಲಿ, ನೀವಿಬ್ರೂ ಬೆವರೋದು ನೋಡ್ಬೇಕಿತ್ತು ನಂಗೆ. ನೀನಂತೂ ಮೊಟ್ಟೆ ಮೇಲೆ ಕೋಳಿ ಕೂತ ಹಾಗೆ ಕೂತಿದ್ದೆ!"

ಆಮೇಲೆ ಫೋನಿನಲ್ಲಿದ್ದ ಇನ್ನೊಂದು ಚಿತ್ರ ತೆರೆದು ಸೊಸೆಯ ಮುಂದೆ ಹಿಡಿದರು. ಲ್ಯಾಪ್‌ಟಾಪಿನ ಮೇಲೆಯೇ ಕೆನ್ನೆಯೂರಿ ಮಲಗಿದ ಸೊಸೆ. ಜೊಲ್ಲು ಕೀಲಿಮಣೆಗೆ ಇಳಿದಿತ್ತು.

"ಇದನ್ನೂ ಹಾಕಮ್ಮಾ. ಕೆಳಗೆ 'ನಮ್ಮ ತಂತ್ರಜ್ಞರು' ಅಂತ ಬರಿ. ಮತ್ತೆ ಆ ಮೂಲೇಲಿ ಪಿಸುಗುಟ್ಟಿದ್ಯಲ್ಲ, ವರ್ಷ ಪೂರ್ತಿ ಇಟ್ಕೊಳ್ಳೋ ಸಾಲು, ಅದನ್ನ ಮರೀಬೇಡ."

ಸೊಸೆ ಮರೆತರೂ ಪ್ರಯೋಜನವಿರಲಿಲ್ಲ. ಆ ಸಾಲನ್ನು ಎಲ್ಲ ಚಿತ್ರಗಳಿಗೂ ಸೇರಿಸಿ ಆಗಲೇ ಬರೆದಾಗಿತ್ತು.